ಕೆಂಪು ಮುಗಿದು ಕಪ್ಪು ಮೊದಲಾಗುವಲ್ಲಿ

ಸರ್ವೇ ಇಲಾಖೆಯ ಹಳೆಯ ನಕ್ಷೆಗಳ ಲೆಕ್ಕದಲ್ಲಿ ಬೀದರ್ ಪೇಟೆ 56ಜಿ ಹಾಳೆಗೆ ಸೇರುತ್ತದೆ. ಭಾಲ್ಕಿ, ಔರಾದ್ ಎರಡೂ 56ಎಫ್ ಹಾಳೆಗೆ. ಎರಡು ಹಾಳೆಗಳು ಕೂಡುವ ಅಂಚು 18 ಡಿಗ್ರಿ ಉತ್ತರ ಅಕ್ಷಾಂಶ. ಬೀದರಿನ ಉತ್ತರಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಅದು ಹೊಲ, ಹಳ್ಳ, ದಾರಿ ಏನನ್ನೂ ಲೆಕ್ಕಕ್ಕಿಡದೆ ನೆಟ್ಟಗೆ ಹಾದುಹೋಗುತ್ತದೆ. ಮೇಜಿನ ಮೇಲೆ ಎಳೆದ ಗೆರೆ. ನೆಲಕ್ಕೆ ಅದರ ಪರಿಚಯವಿಲ್ಲ. ಆದರೆ ಅದೇ ಆಸುಪಾಸಿನಲ್ಲಿ ನೆಲ ತಾನಾಗಿ ಎಳೆದುಕೊಂಡ ಇನ್ನೊಂದು ಗೆರೆಯಿದೆ. ಅದರ ಮೇಲೆ ಕೆಂಪು, ಕೆಳಗೆ ಕಪ್ಪು. ಬಸ್ಸಿನ ಕಿಟಕಿಯಲ್ಲಿ ಕೂತವರಿಗೂ ಕಾಣುವಂಥದ್ದು. ಆ ಗೆರೆ ಎಲ್ಲಿ ಶುರುವಾಗಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ಮಸುಕಾಗುತ್ತದೆ ಎಂದು ನೋಡಲು ದಸರೆ ಮುಗಿದ ಮೇಲೆ ಹೊರಟೆ. ಜತೆಗೆ ಬಂದವರು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ, ಬೀದರಿನವರೇ ಆದ ಒಬ್ಬ ಮಾಸ್ತರರು. ಕೈಯಲ್ಲಿ ನಕ್ಷೆಯ ಝೆರಾಕ್ಸ್ ಪ್ರತಿ, ಕಿಸೆಯಲ್ಲಿ ಎರಡು ಬಣ್ಣದ ಪೆನ್ಸಿಲ್.

ಕರ್ನಾಟಕದ ಪ್ರಾಕೃತಿಕ ವಿಭಾಗಗಳು ಯಾವುವು ಎಂದರೆ ನಮ್ಮ ಶಾಲೆಯ ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ: ಕರಾವಳಿ, ಮಲೆನಾಡು, ಉತ್ತರ ಮೈದಾನ, ದಕ್ಷಿಣ ಮೈದಾನ. ಬೀದರ್ ಉತ್ತರ ಮೈದಾನದ ಪಾಲು. ಬೀದರ್ ಕೋಟೆಯ ಹಿಂಬದಿಯಲ್ಲಿ ನಿಂತು ಕೆಳಗೆ ಮಾಂಜ್ರಾ ಬಯಲನ್ನು ನೋಡಿದ ಯಾರಿಗೂ ಇದನ್ನು ಮೈದಾನ ಎನ್ನಲು ಬಾಯಿ ಬರಲಾರದು. ಕೃಷಿ ವಿಜ್ಞಾನಿಗಳ ಹಂಚಿಕೆ ಇನ್ನಷ್ಟು ಸೂಕ್ಷ್ಮವಾದದ್ದು. ಅವರು ರಾಜ್ಯವನ್ನು 10 ಕೃಷಿ ಹವಾಮಾನ ವಲಯಗಳಾಗಿ ಒಡೆದು, ಬೀದರ್ ಜಿಲ್ಲೆಯ ಹಳೆಯ 5 ತಾಲ್ಲೂಕುಗಳ ಜತೆ ಆಳಂದ, ಚಿಂಚೋಳಿಯನ್ನೂ ಸೇರಿಸಿ ಮೊದಲನೆಯ ವಲಯ ಮಾಡಿದ್ದಾರೆ. ಅದಕ್ಕೆ ಈಶಾನ್ಯ ಪರಿವರ್ತನಾ ವಲಯವೆಂದು ಹೆಸರು. ಅಂತರ್ಜಲದವರು ಜಿಲ್ಲೆಯನ್ನು ಎರಡಾಗಿ ನೋಡುತ್ತಾರೆ: ಉತ್ತರಾರ್ಧ ಮರ ಕಡಿಮೆಯಿರುವ, ಚಪ್ಪಟೆ ದಿಬ್ಬಗಳ, ಕಪ್ಪು ಮಣ್ಣಿನ ನೆಲ, ದಕ್ಷಿಣಾರ್ಧ ಸಮುದ್ರಮಟ್ಟದಿಂದ ಸುಮಾರು 715 ಮೀಟರ್ ಎತ್ತರದ ಪ್ರಸ್ಥಭೂಮಿ. ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರೂ ಬೇರೆ ಬೇರೆ ಎತ್ತರದಿಂದ ನೋಡುತ್ತಿದ್ದಾರೆ, ಅಷ್ಟೇ.

ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆ ಇವೆಲ್ಲಕ್ಕಿಂತ ಹಳೆಯದು. ಬಾಲಾಘಾಟ್ ಎಂಬ ಕುಳ್ಳ ಬೆಟ್ಟಸಾಲು ಸಹ್ಯಾದ್ರಿಯ ಹರಿಶ್ಚಂದ್ರಗಡದ ಕಡೆಯಿಂದ ಕವಲೊಡೆದು ಆಗ್ನೇಯಕ್ಕೆ ಇಳಿಯುತ್ತದೆ. ಬೀಡ್, ಲಾತೂರ್ ಸೀಮೆ ದಾಟಿ ಕರ್ನಾಟಕದ ಗಡಿಗೆ ಬರುತ್ತದೆ. ಒಂದು ಕಡೆಯ ನೀರನ್ನು ಗೋದಾವರಿಗೂ ಇನ್ನೊಂದು ಕಡೆಯದನ್ನು ಭೀಮೆಗೂ ಹಂಚುವುದೇ ಅದರ ದೊಡ್ಡ ಕೆಲಸ. ಎಲ್ಲಿಯೂ ಸಹ್ಯಾದ್ರಿಯ ಗತ್ತು ಇಲ್ಲ, ಶಿಖರವೆಂದು ಬೆರಳು ತೋರಿಸಲು ಏನೂ ಇಲ್ಲ. ಇಂಥ ಸಾಲು ಬೀದರ್ ಜಿಲ್ಲೆಯಲ್ಲಿ ಎಲ್ಲಿ ಮುಗಿಯುತ್ತದೆ? ಮುಗಿಯುವ ಮೊದಲು ಎಷ್ಟು ಭಾಗಗಳಾಗಿ ಒಡೆಯುತ್ತದೆ?

ಎತ್ತರದ ಪರ್ವತವನ್ನು ಹೋಳು ಮಾಡುವುದು ಸುಲಭ. ಹಿಮದ ಗೆರೆ, ಕಾಡಿನ ಗೆರೆ, ಕಣಿವೆ ಎಲ್ಲವೂ ತಾವೇ ಹೇಳುತ್ತವೆ. ತಗ್ಗು ಬೆಟ್ಟಗಳ ವಿಷಯದಲ್ಲಿ ಭೂಗೋಳಜ್ಞರ ಜಾಣತನಕ್ಕೆ ನಿಜವಾದ ಪರೀಕ್ಷೆ. ಈ ಪರೀಕ್ಷೆಯನ್ನು ಅತಿ ಶ್ರದ್ಧೆಯಿಂದ ಬರೆದವರು ಜರ್ಮನರು. ಎಮಿಲ್ ಮೈನೆನ್, ಯೋಸೆಫ್ ಶ್ಮಿಟ್‌ಹ್ಯೂಸನ್ ಮುಂತಾದವರು 1953ರಿಂದ 1962ರವರೆಗೆ ಕಂತುಕಂತಾಗಿ ಹೊರತಂದ ಕೈಪಿಡಿಯಲ್ಲಿ ತಮ್ಮ ದೇಶದ ನೆಲವನ್ನೆಲ್ಲ ಪ್ರಾಕೃತಿಕ ಘಟಕಗಳಾಗಿ ವಿಂಗಡಿಸಿ, ಒಂದೊಂದಕ್ಕೂ ದಶಮಾಂಶ ಪದ್ಧತಿಯ ಸಂಖ್ಯೆ ಕೊಟ್ಟರು. ಅಲ್ಲಿನ ಹಾರ್ಜ್ ಬೆಟ್ಟಸಾಲಿನ ಅತಿ ಎತ್ತರದ ಬ್ರೊಕೆನ್ ಶಿಖರ 1141 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಮುಂದೆ ಕುಳ್ಳ. ಅದನ್ನೂ ಅವರು ಬಿಡದೆ ಮೇಲಿನ ಹಾರ್ಜ್, ಕೆಳಗಿನ ಹಾರ್ಜ್, ಶಿಖರದ ಹಾರ್ಜ್ ಎಂದು ಒಡೆದರು. ಕ್ರಮ ಹೀಗೆ: ಬಂಡೆ, ನೆಲದ ಏರಿಳಿತ, ಮಣ್ಣು, ನೀರು, ಹವೆ, ಸಹಜವಾಗಿ ಬೆಳೆಯುವ ಗಿಡ, ಇವನ್ನು ಒಟ್ಟಿಗೆ ನೋಡಬೇಕು. ಇವುಗಳಲ್ಲಿ ಹಲವು ಒಂದೇ ಜಾಗದಲ್ಲಿ ಬದಲಾದರೆ ಅಲ್ಲೊಂದು ಗಡಿ. ನಮ್ಮಲ್ಲಿ ಆರ್. ಎಲ್. ಸಿಂಗ್ ಅವರ ಸಂಪಾದಕತ್ವದಲ್ಲಿ 1971ರಲ್ಲಿ ವಾರಾಣಸಿಯಿಂದ ಬಂದ ಭಾರತದ ಪ್ರಾದೇಶಿಕ ಭೂಗೋಳದ ಪುಸ್ತಕ ಇಂಥದ್ದೇ ಸಾಹಸ ಮಾಡಿತು. ದೇಶವನ್ನು ಮೊದಲು 4 ಮಹಾವಿಭಾಗ, ಆಮೇಲೆ 28 ಮಧ್ಯಮ ವಿಭಾಗ, ಹೀಗೆ ಮೇಲಿನಿಂದ ಕೆಳಕ್ಕೆ ಸೀಳುತ್ತ ಬಂದಿತು. ಮೇಲಿನಿಂದ ಸೀಳುತ್ತ ಬರುವವರ ಕತ್ತರಿ ತಾಲ್ಲೂಕಿನ ಮಟ್ಟಕ್ಕೆ ಬರುವ ಹೊತ್ತಿಗೆ ಮೊಂಡಾಗಿರುತ್ತದೆ ಎಂಬುದು ನನ್ನ ಅನುಮಾನ. ಮಾಸ್ತರರದು ಇನ್ನೊಂದು ಅಭಿಪ್ರಾಯ. ಕತ್ತರಿ ಚೂಪೇ ಇರುತ್ತದಂತೆ, ಬಟ್ಟೆಯೇ ಒಂದೊಂದು ಕಡೆ ಒಂದೊಂದು ದಪ್ಪವಂತೆ.

ಬೀದರಿನಲ್ಲಿ ಆ ಬಟ್ಟೆ ಬಹಳ ದಪ್ಪ. ಊರು ಕೂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆಲ್ಲ ಲಾವಾ ಹರಿದು ಪದರಪದರವಾಗಿ ಹೆಪ್ಪುಗಟ್ಟಿ ಕಪ್ಪು ಬಸಾಲ್ಟ್ ಆಯಿತು. ಆಮೇಲೆ ಲಕ್ಷಾಂತರ ವರ್ಷಗಳ ಮಳೆ ಬಿಸಿಲು ಆ ಕರಿಬಂಡೆಯ ಮೇಲ್ಭಾಗದಿಂದ ಸಿಲಿಕಾ, ಸುಣ್ಣ, ಸೋಡಿಯಂಗಳನ್ನು ತೊಳೆದು ಒಯ್ದಿತು. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅದೇ ಈ ತುಕ್ಕುಗೆಂಪು, ತೂತುತೂತು ಕಲ್ಲು. ಹೊಸದಾಗಿ ಕಡಿದಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಗುಣ ಇದಕ್ಕಿದೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನೇ ಗಮನಿಸಿ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. 1840ರ ದಶಕದಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ನ್ಯೂಬೋಲ್ಡ್ ಬೀದರಿನ ಕಲ್ಲಿನ ಬಗ್ಗೆ ಬರೆದ. ಅಷ್ಟು ಹೊತ್ತಿಗೆ ಈ ಕಲ್ಲನ್ನು ಬಲ್ಲವರು ಅದರಲ್ಲಿ ಕೋಟೆ ಕಟ್ಟಿ ನಾಲ್ಕು ಶತಮಾನವಾಗಿತ್ತು. ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದು 1429ರಿಂದ 1432ರ ಅವಧಿಯಲ್ಲಿ ಕೋಟೆ ಎಬ್ಬಿಸಿದಾಗ, ಅದರ ಮೂರು ಸುತ್ತಿನ ಕಂದಕವನ್ನು ಈ ಕಲ್ಲಿನಲ್ಲೇ ಕಡಿದರು. ಕಂದಕ ಕಂದಕಗಳ ನಡುವೆ ನಿಂತಿರುವ ಗೋಡೆಗಳು ಕಟ್ಟಿದವಲ್ಲ, ಕಡಿಯದೆ ಉಳಿಸಿದ ಬಂಡೆ.

ಕಂದಕದ ದಂಡೆಯಲ್ಲಿ ನಿಂತಾಗ ಮಾಸ್ತರರು ನಕ್ಷೆ ಬಿಚ್ಚಲಿಲ್ಲ. “ಮ್ಯಾಲಿನ ಕಲ್ಲು ನೋಡ್ರಿ, ಕೆಳಗ ಹೋದಂಗ ಬಣ್ಣ ಹ್ಯಾಂಗ ತಿಳಿ ಆಗ್ತದ ಅಂತ,” ಎಂದರು. ಮೇಲೆ ಕಬ್ಬಿಣದ ಗಡಸು ತೊಗಟೆ. ಅದರ ಕೆಳಗೆ ಕೆಂಪು-ಹಳದಿ ಮಚ್ಚೆಗಳ ಪದರ. ಇನ್ನೂ ಕೆಳಗೆ ಕೈಯಲ್ಲಿ ಹಿಚುಕಬಹುದಾದ ಬಿಳಿಚ ಜೇಡಿ. ಬೀದರಿನ ದಕ್ಷಿಣಕ್ಕಿರುವ ಕಮಠಾಣದ ಹತ್ತಿರ ಸಿಗುವ ಪಿಂಗಾಣಿ ಮಣ್ಣು ಇದೇ ಸಂಸಾರದ್ದು. ಜೇಡಿಯ ಕೆಳಗೆ ಕೊಳೆತ ಬಸಾಲ್ಟ್, ಅದರ ಕೆಳಗೆ ತಾಜಾ ಕರಿಬಂಡೆ. ಒಟ್ಟು ಪದರ ಸುಮಾರು 50 ಮೀಟರ್ ದಪ್ಪವಿದ್ದು, ತೊಗಟೆಯಿಂದ ತಾಯಿಬಂಡೆಯವರೆಗೆ ಎಲ್ಲ ಹಂತಗಳೂ ಒಂದೇ ಕಡೆ ಸಿಗುವುದರಿಂದ ಭೂವಿಜ್ಞಾನಿಗಳಿಗೆ ಬೀದರ್ ಒಂದು ತೀರ್ಥಕ್ಷೇತ್ರವೇ ಆಗಿದೆ. ಬಂಡೆ ಮಣ್ಣಾಗುವಾಗ ಲಿಥಿಯಂ ಏನಾಗುತ್ತದೆ ಎಂದು ಹುಡುಕಿದ ಬ್ರಿಟನ್ನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಬೀದರಿನ ಹೆಸರಿದೆ. ನಮ್ಮವರಿಗೆ ಬೀದರಿನ ಮಣ್ಣೆಂದರೆ ನೆನಪಾಗುವುದು ಬಿದ್ರಿ ಕಲೆ. ಸತುವಿನ ಪಾತ್ರೆಯನ್ನು ಕಪ್ಪಾಗಿಸುವ ಕೋಟೆಯ ಮಣ್ಣನ್ನು ಅಲ್ಲಿನ ಕುಶಲಕರ್ಮಿಗಳು ನಾಲಿಗೆಗೆ ಮುಟ್ಟಿಸಿ ಪರೀಕ್ಷಿಸುತ್ತಾರೆ. ನಾಲಿಗೆಯಿಂದ ಮಣ್ಣು ವಿಂಗಡಿಸುವ ಭೂಗೋಳಜ್ಞ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಗಡಸು ತೊಗಟೆ ಇದ್ದಲ್ಲಿ ನೆಲ ಸವೆಯಲಿಲ್ಲ. ತೊಗಟೆ ಹರಿದುಹೋದಲ್ಲಿ ಹಳ್ಳಗಳು ಕೆಳಗಿನ ಮೆತ್ತನೆಯದನ್ನೆಲ್ಲ ಕೊರೆದು ಒಯ್ದವು. ಹೀಗೆ ಸುತ್ತಲ ಸೀಮೆ ಇಳಿಯುತ್ತ ಹೋಗಿ ಬೀದರ್ ಎತ್ತರದಲ್ಲಿ ಉಳಿಯಿತು. ಬೆಟ್ಟ ಎದ್ದದ್ದಲ್ಲ, ಬಯಲು ಕೂತದ್ದು. ಕೋಟೆಯ ಉತ್ತರದ ಅಂಚಿನಿಂದ ಮಾಂಜ್ರಾ ಪಾತ್ರಕ್ಕೆ 100 ಮೀಟರಿಗೂ ಮಿಕ್ಕ ಇಳಿತ. ನೋಡಲು ಸಾಧಾರಣವಾದ ಈ ಎತ್ತರದೊಳಗೆ ಬಂಡೆ, ಮಣ್ಣು, ನೀರು, ಬೆಳೆ ನಾಲ್ಕೂ ಒಟ್ಟಿಗೆ ಬದಲಾಗುತ್ತವೆ. ಜರ್ಮನ್ ಕೈಪಿಡಿಯವರು ಇಲ್ಲಿಗೆ ಬಂದಿದ್ದರೆ ಅಳುಕದೆ ಗೆರೆ ಎಳೆದು ಸಂಖ್ಯೆ ಬರೆದು ಊಟಕ್ಕೆ ಹೊರಡುತ್ತಿದ್ದರು.

ಗೆರೆ ಎಲ್ಲಿದೆ ಎಂದು ಬೀದರಿನಲ್ಲಿ ಕಣ್ಣಿಗಿಂತ ಮೊದಲು ಹೇಳುವುದು ನೀರು. ಜಂಬಿಟ್ಟಿಗೆಯ ತೂತುಗಳು ಮಳೆನೀರನ್ನು ಸಲೀಸಾಗಿ ಒಳಕ್ಕೆ ಬಿಡುತ್ತವೆ. ಜೇಡಿ ಪದರ ಅದನ್ನು ಕೆಳಗೆ ಬಿಡುವುದಿಲ್ಲ. ತಡೆದ ನೀರು ಅಡ್ಡಕ್ಕೆ ಜರುಗಿ, ಪ್ರಸ್ಥಭೂಮಿಯ ಅಂಚು ಬಂದಲ್ಲಿ ಹೊರಗೆ ಒಸರುತ್ತದೆ. ಈ ಒಸರುಗಳನ್ನು ನಕ್ಷೆಯಲ್ಲಿ ಗುರುತಿಸಿ ಕೂಡಿಸಿದರೆ ಬೀದರ್ ಪ್ರಸ್ಥದ ಅಂಚು ತಾನಾಗಿ ಮೂಡುತ್ತದೆ. ಮಜವೆಂದರೆ ಗುರುತು ಹಾಕುವ ಕೆಲಸವನ್ನು ಭಕ್ತರು ಮೊದಲೇ ಮಾಡಿಟ್ಟಿದ್ದಾರೆ. ಝರಣಿ ನರಸಿಂಹನ ಗುಡಿಯಲ್ಲಿ ಸುರಂಗದೊಳಗೆ ಸೊಂಟಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಬೇಕು. ಸುರಂಗ ಕೊರೆದಿರುವುದು ಇದೇ ಕಲ್ಲಿನಲ್ಲಿ, ನೀರು ಬರುವುದು ಇದೇ ಪದರದಿಂದ. ಪಾಪನಾಶದ ಶಿವನ ಗುಡಿಯೂ ತಗ್ಗಿನಲ್ಲಿ, ಒರತೆಯ ಪಕ್ಕ. ಗುರುದ್ವಾರ ನಾನಕ್ ಝೀರಾ ಸಾಹೇಬದ ಕಥೆ ಎಲ್ಲರಿಗೂ ಗೊತ್ತು. 16ನೆಯ ಶತಮಾನದ ಮೊದಲ ಭಾಗದಲ್ಲಿ ಗುರು ನಾನಕರು ಇಲ್ಲಿಗೆ ಬಂದಾಗ ಜನ ಸಿಹಿನೀರಿಲ್ಲದೆ ಒದ್ದಾಡುತ್ತಿದ್ದರಂತೆ. ಗುರುಗಳು ತಮ್ಮ ಪಾದುಕೆಯಿಂದ ಕಲ್ಲು ಸರಿಸಿದಾಗ ಬುಗ್ಗೆ ಚಿಮ್ಮಿತಂತೆ. ಇವತ್ತಿಗೂ ಕೆಂಪು ಬಂಡೆಯ ಬುಡದಿಂದ ನೀರು ಬರುತ್ತಲೇ ಇದೆ, ಭಕ್ತರು ಬಾಟಲಿಯಲ್ಲಿ ತುಂಬಿಕೊಳ್ಳುತ್ತಲೇ ಇದ್ದಾರೆ. ವೈಷ್ಣವ, ಶೈವ, ಸಿಖ್ ಮೂವರ ಪವಿತ್ರ ಸ್ಥಳಗಳೂ ಒಂದೇ ಭೂವೈಜ್ಞಾನಿಕ ಪದರದ ಅಂಚಿಗೆ ಬಂದು ಕೂತಿವೆ. ಪವಾಡದ ಬಗ್ಗೆ ನನಗೆ ತಕರಾರಿಲ್ಲ. ಜಾಗದ ಆಯ್ಕೆಯಂತೂ ತುಂಬ ಸರಿಯಾಗಿದೆ.

ಇದೇ ಅರಿವಿನ ಮೇಲೆ ನಿಂತ ಇನ್ನೊಂದು ಕೆಲಸ ನೌಬಾದಿನ ಕರೇಜ್. ಊರವರು ಸುರಂಗ ಬಾವಿ ಎನ್ನುತ್ತಾರೆ. ಬಹಮನಿಗಳ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಪರ್ಷಿಯಾದ ಕಡೆಯ ವಿದ್ಯೆಯಿಂದ ತೋಡಿದ್ದು. ಮೇಲ್ಭಾಗದಲ್ಲಿ ಒಂದು ತಾಯಿಬಾವಿಯನ್ನು ನೀರು ಸಿಗುವವರೆಗೆ ಇಳಿಸುತ್ತಾರೆ. ಅಲ್ಲಿಂದ ತೀರ ಸಣ್ಣ ಇಳಿಜಾರಿನಲ್ಲಿ ನೆಲದೊಳಗೆ ಕಾಲುವೆ ಕೊರೆಯುತ್ತಾರೆ. ನಡುನಡುವೆ ನೆಟ್ಟಗೆ ಬಾವಿಗಳನ್ನು ಇಳಿಸಿ ಮಣ್ಣು ಎತ್ತುತ್ತಾರೆ, ಗಾಳಿ ಬಿಡುತ್ತಾರೆ. ರಾಟೆ, ಏತ, ಎತ್ತು ಯಾವುದೂ ಬೇಡ; ನೀರು ತನ್ನ ಭಾರಕ್ಕೆ ತಾನೇ ಹರಿದು ಬರುತ್ತದೆ. ನೌಬಾದಿನಲ್ಲಿ ಇಂಥ ನೆಟ್ಟನೆಯ ಬಾವಿಗಳು 20ಕ್ಕೂ ಹೆಚ್ಚಿವೆ. ಬಹುಕಾಲ ಕಸ ತುಂಬಿ ಮರೆತುಹೋಗಿದ್ದ ಇವನ್ನು ಒಂದಕ್ಕೊಂದು ಜೋಡಿಸಿ ಓದಿ ಲೋಕಕ್ಕೆ ತೋರಿಸಿದವರಲ್ಲಿ ಮುಖ್ಯರಾದ ವಿ. ಗೋವಿಂದನ್‌ಕುಟ್ಟಿ ಕೇರಳದ ಭೂಗೋಳ ಅಧ್ಯಾಪಕರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2014ರ ತನ್ನ ಕಾಳಜಿಯ ಪಟ್ಟಿಯಲ್ಲಿ ಬೀದರ್ ಐತಿಹಾಸಿಕ ನಗರವನ್ನು ಸೇರಿಸಿತು. ಮರುವರ್ಷದ ಹೊತ್ತಿಗೆ ಹೂಳೆತ್ತುವ ಕೆಲಸವೂ ನಡೆಯಿತು.

ಬಾವಿಯೊಂದರ ಕಟ್ಟೆಗೆ ಒರಗಿ ಒಳಗೆ ನೋಡಿದೆವು. ಕೆಂಪು ಗೋಡೆಯ ಮೇಲೆ ಗುದ್ದಲಿಯ ಗುರುತು ಹಾಗೇ ಇದೆ. ತಳದಲ್ಲಿ ನೀರು ಮಿನುಗುತ್ತಿತ್ತು. ಬಾವಿಯಿಂದ ಬಾವಿಗೆ ನಡೆಯುತ್ತ ಹೋದಂತೆ ಹೊಸ ಲೇಔಟುಗಳು ಅಡ್ಡ ಬಂದವು. ಮಾಸ್ತರರು ನಿಂತು ಹೇಳಿದರು: “ನಾವು ಭೂಗೋಳದವರು ಮ್ಯಾಲಿಂದ ನೋಡಿ ಗೆರಿ ಹಾಕ್ತೀವ್ರಿ. ಇವರು ಕೆಳಗಿಂದ ಹಾಕ್ಯಾರ.” ಇಷ್ಟು ವರ್ಷ ತರಗತಿಯಲ್ಲಿ ಕರಾವಳಿ, ಮಲೆನಾಡು, ಮೈದಾನ ಎಂದು ಬೋರ್ಡಿನ ಮೇಲೆ ಬರೆದವರ ಬಾಯಲ್ಲಿ ಈ ಮಾತು ಕೇಳಿ ನನಗೆ ಖುಷಿಯಾಯಿತು. ತಪ್ಪಾದ ಗೆರೆ ಎಳೆದ ಭೂಗೋಳಜ್ಞನಿಗೆ ಪುಸ್ತಕ ವಿಮರ್ಶೆಯಲ್ಲಿ ನಾಲ್ಕು ಮಾತು ಬೀಳುತ್ತದೆ. ಜೇಡಿ ಎಲ್ಲಿದೆ ಎಂದು ತಪ್ಪು ಎಣಿಸಿದ ಕರೇಜಿನವನ ಊರಿಗೆ ನೀರೇ ಬರುತ್ತಿರಲಿಲ್ಲ.

ಭಾಲ್ಕಿಯ ದಾರಿಯಲ್ಲಿ ಈ ಖಚಿತತೆ ಉಳಿಯಲಿಲ್ಲ. ಊರು ಬಿಟ್ಟ ಮೇಲೆ ಸ್ವಲ್ಪ ಹೊತ್ತು ರಸ್ತೆಯ ಇಕ್ಕೆಲದಲ್ಲೂ ಕೆಂಪು. ಮಣ್ಣಿನ ಪದರ ತೆಳ್ಳಗೆ, ಹುಲ್ಲು ಹೆಚ್ಚು, ಮನೆಗಳ ಗೋಡೆಯೂ ಜಂಬಿಟ್ಟಿಗೆಯದು. ಆಮೇಲೆ ಒಂದು ಹೊಲ ಕೆಂಪು, ಪಕ್ಕದ್ದು ಕಂದು. ಹಲಬರ್ಗಾ ಬರುವ ಹೊತ್ತಿಗೆ ನೆಲವೆಲ್ಲ ಎರೆ. ಉತ್ತರದಲ್ಲಿ ಕೋಟೆಯ ಕೆಳಗೆ ಒಂದು ನೋಟದಲ್ಲಿ ಮುಗಿದ ಬದಲಾವಣೆ ಇಲ್ಲಿ ಕಿಲೋಮೀಟರುಗಟ್ಟಲೆ ಹರಡಿಕೊಂಡಿದೆ. ಕೆಂಪು ಪೆನ್ಸಿಲ್ ಕೆಳಗಿಟ್ಟು ಕಪ್ಪು ಎತ್ತಿಕೊಳ್ಳುವುದು ಯಾವ ಮೈಲುಗಲ್ಲಿನಲ್ಲಿ ಎಂದು ನಾವಿಬ್ಬರೂ ಒಪ್ಪಲೇ ಇಲ್ಲ. ಮಾಸ್ತರರು ಹಾಕಿದ ಗುರುತಿಗೂ ನನ್ನ ಗುರುತಿಗೂ ನಡುವೆ ಎರಡು ಹಳ್ಳಿ ಹಿಡಿಸುತ್ತವೆ. ಆ ಎರಡು ಹಳ್ಳಿಯವರು ಯಾವ ಪ್ರಾಕೃತಿಕ ವಿಭಾಗದವರು?

ಇಲ್ಲೊಂದು ಸ್ವಾರಸ್ಯವಿದೆ. ಭೂವಿಜ್ಞಾನದ ಸ್ಥೂಲ ನಕ್ಷೆಯಲ್ಲಿ ಈ ಇಡೀ ಸೀಮೆಯ ತಾಯಿಬಂಡೆ ಒಂದೇ. ಮಳೆಯ ನಕ್ಷೆಯಲ್ಲೂ ಬೀದರ್, ಭಾಲ್ಕಿ, ಔರಾದ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಲ್ಲ ಕಡೆ ಮುಂಗಾರು ಮಳೆಯೇ ಗತಿ. ಒಂದೇ ಕರಿಬಂಡೆ ಎತ್ತರದಲ್ಲಿ ನೀರು ಬಸಿದು ಹೋಗುತ್ತ, ಬಹುಕಾಲ ತೊಳೆಯಲ್ಪಟ್ಟು ಕೆಂಪಾಯಿತು. ತಗ್ಗಿನಲ್ಲಿ ಸುಣ್ಣ, ಮೆಗ್ನೀಸಿಯಂ ಉಳಿದುಕೊಂಡು ಎರೆಯಾಯಿತು. ಕೆಂಪು ನೆಲ ನೀರನ್ನು ಕೆಳಗೆ ಬಿಡುತ್ತದೆ, ಎರೆ ಹಿಡಿದುಕೊಳ್ಳುತ್ತದೆ. ಮಳೆಗೆ ಉಬ್ಬಿ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಟ್ಟು, ಒಳಗೆ ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ ಬೆಳೆದುಕೊಡುವುದು ಅದರ ಸ್ವಭಾವ. ಹಾಗಾಗಿ ಬಂಡೆಯನ್ನೇ ನಂಬಿ ವಿಭಾಗ ಮಾಡಿದವರಿಗೆ ಇಲ್ಲಿ ಒಂದೇ ಸೀಮೆ ಕಂಡೀತು. ಮಣ್ಣನ್ನು ನಂಬಿದವರಿಗೆ ಎರಡು.

ನದಿಗಳನ್ನು ನಂಬಿದರೆ ಗೊಂದಲ ಇನ್ನೂ ಹೆಚ್ಚು. ಕಾರಂಜಾ ಹುಟ್ಟುವುದು ಈಗಿನ ತೆಲಂಗಾಣದ ಕೊಹೀರ್ ಬಳಿ, ಇದೇ ಕೆಂಪು ಪ್ರಸ್ಥದ ಮೇಲೆ. ಅಲ್ಲಿಂದ ಅದು ವಾಯವ್ಯಕ್ಕೆ ಹರಿದು ಭಾಲ್ಕಿ ತಾಲ್ಲೂಕಿಗೆ ಬರುತ್ತದೆ. ಬ್ಯಾಲಹಳ್ಳಿ ಹತ್ತಿರ ಅದಕ್ಕೆ ಕಟ್ಟಿದ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ. ಮುಂದೆ ಅದು ಮಾಂಜ್ರಾ ಸೇರುತ್ತದೆ. ಮಾಂಜ್ರಾ ಬರುವುದು ತದ್ವಿರುದ್ಧ ದಿಕ್ಕಿನಿಂದ. ಬೀಡ್ ಜಿಲ್ಲೆಯ ಬಾಲಾಘಾಟಿನಲ್ಲಿ ಹುಟ್ಟಿ ಆಗ್ನೇಯಕ್ಕೆ ಹರಿದು, ಬೀದರಿನ ಉತ್ತರಕ್ಕೆ ಹಾದು, ಸಂಗಾರೆಡ್ಡಿಯ ಕಡೆ ಹೋಗಿ, ಅಲ್ಲಿ ಏನೋ ನೆನಪಾದಂತೆ ಉತ್ತರಕ್ಕೆ ತಿರುಗಿ ಕಂದಕುರ್ತಿಯಲ್ಲಿ ಗೋದಾವರಿಗೆ ಸೇರುತ್ತದೆ. ಒಟ್ಟು ಉದ್ದ 724 ಕಿಲೋಮೀಟರ್. ಹೀಗೆ ಬೀದರ್ ಪ್ರಸ್ಥ ಎರಡು ನದಿಗಳ ಅಪ್ಪುಗೆಯಲ್ಲಿದೆ. ಅದರ ಉತ್ತರಕ್ಕೆ ಬಿದ್ದ ಹನಿಯೂ ದಕ್ಷಿಣಕ್ಕೆ ಬಿದ್ದ ಹನಿಯೂ ಕೊನೆಗೆ ಮಾಂಜ್ರಾದ್ದೇ. ಗೋದಾವರಿ-ಭೀಮೆಗಳನ್ನು ಬೇರೆ ಮಾಡುವ ನಿಜವಾದ ನೀರಿನ ದಿಣ್ಣೆ ಇಲ್ಲಿಲ್ಲ, ನೈಋತ್ಯದಲ್ಲಿ, ಬಸವಕಲ್ಯಾಣ-ಹುಮನಾಬಾದ್ ಕಡೆ ಇದೆ. ಬಾಲಾಘಾಟ್ ಎಂದರೆ ನೀರು ಹಂಚುವ ಸಾಲು ಎಂದು ವ್ಯಾಖ್ಯಾನ ಕೊಟ್ಟವರಿಗೆ ಕಣ್ಣಿಗೆ ರಾಚುವ ಬೀದರ್ ಅಂಚು ಆ ಸಾಲಿನ ಹೊರಗೆ ಬೀಳುತ್ತದೆ. ಕಾಣುವುದೇ ಕಷ್ಟವಾದ ಒಂದು ಸಪ್ಪೆ ಏರು ಒಳಗೆ ಬರುತ್ತದೆ.

ಭಾಲ್ಕಿಯಲ್ಲಿ ಹಿರೇಮಠಕ್ಕೆ ಹೋದೆವು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಇದು. 1956ರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ್, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ನಾರಾಯಣಖೇಡ, ಜಹೀರಾಬಾದಿನ ಕಡೆ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಹೋಳು ಮಾಡಿದವರು ಭಾಷೆಯನ್ನು ನೋಡಿದರು, ಅದು ಅವರ ಕೆಲಸ. ಆದರೆ ಆ ಗೆರೆಯ ನೆರಳು ಭೂಗೋಳದ ಮೇಲೂ ಬಿತ್ತು. ಮಹಾರಾಷ್ಟ್ರದ ಪುಸ್ತಕಗಳಲ್ಲಿ ಬಾಲಾಘಾಟ್ ಪ್ರಸ್ಥ ಉದಗೀರ್ ತಲುಪಿ ನಿಲ್ಲುತ್ತದೆ. ನಮ್ಮ ಪುಸ್ತಕಗಳಲ್ಲಿ ಉತ್ತರ ಮೈದಾನ ಔರಾದಿನಿಂದ ಶುರುವಾಗುತ್ತದೆ. ರಾಜ್ಯದ ಗಡಿಗಂಬದಲ್ಲಿ ಬೆಟ್ಟ ನಿಂತು ಮೈದಾನ ಹುಟ್ಟುವ ಈ ಚಮತ್ಕಾರಕ್ಕೆ ಯಾವ ಬಂಡೆಯ ಸಾಕ್ಷಿಯೂ ಇಲ್ಲ.

ಅದನ್ನು ಪರೀಕ್ಷಿಸಲೆಂದೇ ಭಾಲ್ಕಿಯಿಂದ ರೈಲು ಹಿಡಿದು ಕಮಲನಗರಕ್ಕೆ ಹೋಗಿ, ಅಲ್ಲಿಂದ ಕ್ರೂಸರಿನಲ್ಲಿ ಔರಾದಿನ ದಾರಿ ಹಿಡಿದೆವು. ಒಳಗೆ ಕನ್ನಡ, ಮರಾಠಿ, ದಖನಿ ಮೂರೂ ಒಂದರ ಮೇಲೊಂದು ಕೂತಿದ್ದವು, ನಮ್ಮ ಹಾಗೆಯೇ. ಸೋಯಾ ರಾಶಿಯ ಕಾಲ. ರಸ್ತೆಯ ಒಂದು ಬದಿಯನ್ನೇ ಕಣ ಮಾಡಿಕೊಂಡಿದ್ದರು. ಹೊಲಗಳಲ್ಲಿ ತೊಗರಿ ಎದೆಮಟ್ಟ. ಬಿಳಿಯ ಮೈಮೇಲೆ ಕಪ್ಪು ಮಚ್ಚೆಯ ದೇವಣಿ ದನಗಳು ಅಲ್ಲಲ್ಲಿ ಕಂಡವು. ಈ ತಳಿಗೆ ಹೆಸರು ಕೊಟ್ಟ ದೇವಣಿ ಊರು ಗಡಿಯಾಚೆ, ಲಾತೂರ್ ಜಿಲ್ಲೆಯಲ್ಲಿದೆ. ದನಗಳಿಗೆ 1956 ಗೊತ್ತಿಲ್ಲ.

ಕರ್ನಾಟಕದ ನೆತ್ತಿಯಲ್ಲಿರುವ ತಾಲ್ಲೂಕು ಔರಾದ್. ಬೀದರಿನ ಹಾಗೆ ಇಲ್ಲಿ ಎದ್ದು ಕಾಣುವ ಒಂದು ಅಂಚು ಇಲ್ಲ. ಬದಲಿಗೆ ಮೆಟ್ಟಿಲುಗಳಿವೆ. ಲಾವಾದ ಒಂದು ಹರಿವು ಗಟ್ಟಿಯಾಗಿದ್ದರೆ ಅದು ಸವೆಯದೆ ಚಪ್ಪಟೆ ತಲೆಯ ದಿಬ್ಬವಾಗಿ ನಿಲ್ಲುತ್ತದೆ. ಅದರ ಕೆಳಗಿನ ಹರಿವು ಗಾಳಿಗುಳ್ಳೆ ತುಂಬಿದ ಮೆತ್ತನೆಯದಾಗಿದ್ದರೆ ಬೇಗ ಸವೆದು ಇಳಿಜಾರಾಗುತ್ತದೆ. ಮತ್ತೆ ಗಟ್ಟಿ, ಮತ್ತೆ ಮೆತ್ತಗೆ. ದಿಬ್ಬದ ತಲೆಯ ಮೇಲೆ ಮಣ್ಣು ಗೇಣುದ್ದವೂ ಇಲ್ಲ. ಕಲ್ಲು, ಹುಲ್ಲು, ಕುರಿ. ಇಳಿಜಾರಿನಲ್ಲಿ ಮುರುಮು ಬೆರೆತ ತೆಳು ಮಣ್ಣು, ಅಲ್ಲಿ ಹೆಸರು, ಉದ್ದು. ಬುಡದಲ್ಲಿ ಮೇಲಿನಿಂದ ಕೊಚ್ಚಿ ಬಂದು ಸೇರಿದ ಎರೆ, ಅಲ್ಲಿ ತೊಗರಿ, ಸೋಯಾ, ಹಿಂಗಾರಿಗೆ ಜೋಳ, ಕಡಲೆ. ಹಳ್ಳದ ದಂಡೆಯಲ್ಲಿ ಬಾವಿಯಿದ್ದವನಿಗೆ ಕಬ್ಬು. ದಿಬ್ಬದಿಂದ ಹಳ್ಳಕ್ಕೆ ಹತ್ತೇ ನಿಮಿಷದ ನಡಿಗೆ, ಅಷ್ಟರಲ್ಲಿ ನಾಲ್ಕು ಸೀಮೆ. ಮುಂದಿನ ದಿಬ್ಬದಲ್ಲಿ ಅದೇ ನಾಲ್ಕು ಮತ್ತೆ ಅದೇ ಕ್ರಮದಲ್ಲಿ.

1930ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಮಣ್ಣಿನ ನಕ್ಷೆ ಮಾಡುತ್ತಿದ್ದ ಜೆಫ್ರಿ ಮಿಲ್ನ್ ಇದೇ ಪೇಚಿಗೆ ಸಿಕ್ಕಿದ್ದ. ಗುಡ್ಡದ ತಲೆಯಿಂದ ತಗ್ಗಿನವರೆಗೆ ಮಣ್ಣು ಬದಲಾಗುತ್ತ ಹೋಗುತ್ತದೆ, ಗುಡ್ಡದಿಂದ ಗುಡ್ಡಕ್ಕೆ ಅದೇ ಕ್ರಮ ಮರುಕಳಿಸುತ್ತದೆ. ದೊಡ್ಡ ನಕ್ಷೆಯಲ್ಲಿ ಪ್ರತಿಯೊಂದನ್ನೂ ಬಿಡಿಯಾಗಿ ತೋರಿಸುವುದು ಆಗದ ಮಾತು. ಆಗ ಅವನು ಬಿಡಿ ಮಣ್ಣುಗಳನ್ನು ಬಿಟ್ಟು, ಮರುಕಳಿಸುವ ಆ ಸರಣಿಯನ್ನೇ ಒಂದು ಘಟಕವಾಗಿ ತೆಗೆದುಕೊಂಡ. ಅದಕ್ಕೆ ಕ್ಯಾಟಿನಾ ಎಂದು ಹೆಸರಿಟ್ಟ. ಔರಾದಿಗೆ ಒಪ್ಪುವುದು ಈ ಉಪಾಯವೇ. ಬೀದರಿನ ಪ್ರಸ್ಥ ಒಂದು ವಸ್ತು, ಅದಕ್ಕೆ ಹೊರಗೆರೆ ಇದೆ. ಔರಾದ್ ಒಂದು ಲಯ, ಲಯಕ್ಕೆ ಹೊರಗೆರೆ ಎಳೆಯುವುದು ಹೇಗೆ? ಅದು ಉದಗೀರಿನ ಕಡೆಗೆ ತಡೆಯಿಲ್ಲದೆ ಮುಂದುವರಿಯುತ್ತದೆ. ದಕ್ಷಿಣದಲ್ಲಿ ಮಾಂಜ್ರಾ ಪಾತ್ರದ ಮೆಕ್ಕಲು ಬಂದಾಗ ನಿಧಾನಕ್ಕೆ ಅಡಗುತ್ತದೆ.

ಅಮರೇಶ್ವರ ಗುಡಿಯ ಹತ್ತಿರದ ಹೋಟೆಲಿನಲ್ಲಿ ಸುಸಲಾ ತಿನ್ನುತ್ತ ನಾನೂ ಮಾಸ್ತರರೂ ಜಗಳಕ್ಕೆ ಬಿದ್ದೆವು. ಔರಾದ್ ಬಾಲಾಘಾಟಿನದೇ ಎಂದು ನಾನು. ಉದಗೀರ್ ಬಾಲಾಘಾಟಾದರೆ ಅದೇ ಬಂಡೆ, ಅದೇ ಮೆಟ್ಟಿಲು, ಅದೇ ದಿಬ್ಬ ಇರುವ ಔರಾದ್ ಯಾಕಲ್ಲ? ಮಾಸ್ತರರು ತಲೆಯಾಡಿಸಿದರು. ಔರಾದಿನ ಒಂದು ಹನಿ ನೀರೂ ಭೀಮೆಗೆ ಹೋಗುವುದಿಲ್ಲ, ಮತ್ತೆ ಎಂಥ ಸಾಲು? ಹಾಗಾದರೆ ಉದಗೀರನ್ನೂ ಬಿಡಬೇಕಾಗುತ್ತದಲ್ಲ ಎಂದೆ. ಬಿಡೋಣ, ಅದಕ್ಕೇನು ಎಂದರು. ಎರಡು ಛಾ ಮುಗಿದರೂ ಇತ್ಯರ್ಥವಾಗಲಿಲ್ಲ. ಆದರೆ ಒಂದು ವಿಷಯಕ್ಕೆ ಇಬ್ಬರ ಸಹಿಯೂ ಬಿತ್ತು. ಎಲ್ಲ ಗೆರೆಗಳನ್ನೂ ಒಂದೇ ದಪ್ಪದಲ್ಲಿ ಎಳೆಯುವ ನಕ್ಷೆ ಓದುಗನಿಗೆ ಮೋಸ ಮಾಡುತ್ತದೆ. ಬೀದರ್ ಪ್ರಸ್ಥದ ಉತ್ತರ ಅಂಚಿಗೆ ದಪ್ಪ ಗೆರೆಯೇ ಬೇಕು, ಅದನ್ನು ನಡೆದು ಮುಟ್ಟಬಹುದು. ಪಶ್ಚಿಮಕ್ಕೆ, ಹಲಬರ್ಗಾದ ಕಡೆ, ಬಣ್ಣವನ್ನು ಬೆರಳಲ್ಲಿ ತೀಡಿ ಬಿಡಬೇಕು. ಕಾರಂಜಾದ ಕೊಳ್ಳವನ್ನೂ ಮಾಂಜ್ರಾದ ಪಾತ್ರವನ್ನೂ ಬೇರೆ ಬೇರೆ ಘಟಕವೆಂದು ಹೆಸರಿಸಬಹುದು, ನಡುವೆ ಚುಕ್ಕಿಗೆರೆ ಸಾಕು. ಔರಾದ್-ಉದಗೀರ್ ನಡುವೆ ಯಾವ ಗೆರೆಯೂ ಬೇಡ. ಝೆರಾಕ್ಸ್ ಪ್ರತಿಯ ಮೇಲೆ ಹೀಗೆ ಎಳೆದು ನೋಡಿದೆವು. ಚಂದ ಕಾಣಲಿಲ್ಲ. ಅಚ್ಚಿಗೆ ಕಳಿಸಿದರೆ ಅರ್ಧ ಮುಗಿಸಿದ್ದಾರೆ ಎಂದು ವಾಪಸು ಬಂದೀತು.

ನಮ್ಮ ವಾದ ಕೇಳುತ್ತ ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ತಮ್ಮ ಹೊಲ ನೋಡಲು ಕರೆದರು. ಊರ ಹೊರಗೇ ಇತ್ತು. ದಿಬ್ಬದ ತಲೆಯಿಂದ ಶುರುವಾಗಿ ಹಳ್ಳದವರೆಗೆ ಇಳಿದಿರುವ ಉದ್ದನೆಯ ಪಟ್ಟಿ. ಮಿಲ್ನ್ ನೋಡಿದ್ದರೆ ಪಾಠಕ್ಕೆ ಇದನ್ನೇ ಆರಿಸುತ್ತಿದ್ದ. ಮೇಲಿನ ಅರ್ಧ ಬರೀ ಮುರುಮು. ಕೆಳಗಿನ ಅರ್ಧದಲ್ಲಿ ಚಪ್ಪಲಿ ಹೂತುಹೋಗುವ ಎರೆ. ಎಲ್ಲಿಂದ ಎಲ್ಲಿಗೆ ಯಾವುದು ಎಂದು ಕೇಳಿದರೆ ಅವರು ಕೈ ತೋರಿಸಲಿಲ್ಲ, ಕೂರಿಗೆಯ ಮಾತು ಹೇಳಿದರು: “ಇಲ್ಲಿತನ ಎತ್ತು ಹಗುರ ಹೋಗ್ತಾವ್ರಿ. ಇಲ್ಲಿಂದ ಮುಂದ ಏದ್ತಾವ.” ಈಗ ಟ್ರ್ಯಾಕ್ಟರ್ ಬಂದಿದೆ, ಅದರ ಸದ್ದೂ ಅದೇ ಜಾಗದಲ್ಲಿ ಬದಲಾಗುತ್ತದಂತೆ.

ಪಹಣಿಯಲ್ಲಿ ಮಣ್ಣಿನ ನಮೂನೆ ಎಂದು ಒಂದು ಕಾಲಂ ಇರುತ್ತದೆ. ದೇಶದ ಮಹಾವಿಭಾಗಗಳಿಂದ ಹಿಡಿದು ಸೀಳುತ್ತ ಬಂದವರ ಕತ್ತರಿ ತಲುಪದ ಸರ್ವೇ ನಂಬರಿನ ಮಟ್ಟಕ್ಕೆ, ಕಂದಾಯದ ಲೆಕ್ಕಣಿಕೆ ಎಂದೋ ತಲುಪಿದೆ. ಮಾಸ್ತರರು ಕುತೂಹಲಕ್ಕೆ, “ಕಾಕಾ, ಪಹಣ್ಯಾಗ ಏನಂತ ಬರದದ?” ಎಂದು ಕೇಳಿದರು.

“ಪೂರಾ ಕಪ್ಪು ಅಂತ ಅದರೀ,” ಎಂದು ಅವರು ನಕ್ಕರು.

“ಮ್ಯಾಲಿನ ಅರ್ಧ ಮುರುಮು ಅದಲ್ಲ? ತಿದ್ದಿಸಬೇಕಿಲ್ಲೇನು?”

“ಯಾಕ ತಿದ್ದಸ್ಲಿರಿ ಮಾಸ್ತರ? ತಿದ್ದಿದ್ರ ಹೊಲದ್ದು ಕಿಮ್ಮತ್ತು ಇಳೀತದ.”